ಫಾರ್ಮ್ಯಾಟ್ ಹೊಡೆಯುವ ಮುನ್ನ ಒಂದು ಪಾಟೀಸವಾಲು

“ಫಾರ್ಮ್ಯಾಟ್ ಹೊಡೆದುಬಿಡಿ ಮೇಡಂ, ತಲೆನೋವೇ ಬೇಡ,” ಎಂದರು ವಕೀಲರು, ಲ್ಯಾಪ್‌ಟಾಪನ್ನು ಆಕೆಯ ಕಡೆ ತಳ್ಳುತ್ತ.

ನಮ್ಮ ಊರುಗಳಲ್ಲಿ ಕಂಪ್ಯೂಟರಿನ ಸಕಲ ಸಂಕಟಕ್ಕೂ ಇದೊಂದೇ ಪರಿಹಾರ. ನಿಧಾನವಾಯಿತೇ, ಫಾರ್ಮ್ಯಾಟ್. ವೈರಸ್ ಹೊಕ್ಕಿತೇ, ಫಾರ್ಮ್ಯಾಟ್. ಪ್ರಿಂಟರ್ ಮಾತು ಕೇಳುತ್ತಿಲ್ಲವೇ, ಅದಕ್ಕೂ ಫಾರ್ಮ್ಯಾಟ್. ಅಂಗಡಿಯವರಿಗೆ ಸುಲಭ, ಗಿರಾಕಿಗೆ ನಿರಾಳ. ಮಧ್ಯೆ ಹತ್ತು ವರ್ಷದ ಫೋಟೋಗಳು ಹೋದರೆ ಅದು ಹಣೆಬರಹ. ತುಮಕೂರಿನ ಕೋರ್ಟಿಗೆ ಹತ್ತಿರದ ಆ ವಕೀಲರ ಕಚೇರಿಗೆ ಬಂದಿದ್ದ ತಂತ್ರಜ್ಞೆ ಮಾತ್ರ ಬೇರೆ ಬಗೆಯವರು. ಬೆಂಗಳೂರಿನ ಕಂಪನಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ನೆಟ್‌ವರ್ಕ್ ಕಾಯುವ ಕೆಲಸ ಮಾಡಿ, ಊರಿಗೆ ಮರಳಿ ಅಂಗಡಿ ತೆರೆದವರು. ಅವರು ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ.

“ನೆಟ್ ಇಲ್ಲ ಅಂದ್ರೆ ಏನಿಲ್ಲ ಸರ್?”

“ನೆಟ್ ಇಲ್ಲ ಅಂದ್ರೆ ನೆಟ್ ಇಲ್ಲ. ವೈಫೈ ಕನೆಕ್ಟ್ ಆಗಿದೆ, ಕೆಳಗೆ ‘ನೋ ಇಂಟರ್‌ನೆಟ್’ ಅಂತ ಬರೆದಿದೆ. ಇನ್ನೇನು ಸಾಕ್ಷಿ ಬೇಕು?”

“ಹಾಗಂತ ಹೇಳ್ತಿರೋದು ಯಾರು?”

“ವಿಂಡೋಸು.”

“ಅದಕ್ಕೆ ಹೇಗೆ ಗೊತ್ತಾಯ್ತು?”

ಇಷ್ಟು ವರ್ಷ ಬೇರೆಯವರಿಗೆ ಕೇಳಿದ ಪ್ರಶ್ನೆ ತಮ್ಮ ಮೇಲೇ ತಿರುಗಿದ್ದು ವಕೀಲರಿಗೆ ಹೊಸದು. ಉತ್ತರವನ್ನು ಆಕೆಯೇ ಕೊಟ್ಟರು. ವಿಂಡೋಸ್ ಯಾವುದಾದರೂ ಜಾಲಕ್ಕೆ ಸೇರಿದ ಕೂಡಲೇ ಮೈಕ್ರೋಸಾಫ್ಟಿನ ಒಂದು ನಿರ್ದಿಷ್ಟ ವಿಳಾಸದಿಂದ ಪುಟ್ಟ ಪಠ್ಯ ಕಡತವೊಂದನ್ನು ತರಿಸಿಕೊಳ್ಳುತ್ತದೆ. ಅದರೊಳಗೆ ಇರುವುದು ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಮೂರು ಪದ, ಅಷ್ಟೇ. ಆ ಮೂರು ಪದ ಹಾಗೇ ಬಂದರೆ ಇಂಟರ್‌ನೆಟ್ ಇದೆ. ಬರದಿದ್ದರೆ ‘ನೋ ಇಂಟರ್‌ನೆಟ್’. ಬೇರೆಲ್ಲ ಸರಿಯಿದ್ದು ಆ ಒಂದು ವಿಳಾಸ ಸಿಗದೆ ಹೋದರೂ ತೀರ್ಪು ಅದೇ.

“ಅಂದ್ರೆ ಒಬ್ಬನೇ ಸಾಕ್ಷಿ,” ಎಂದರು ವಕೀಲರು, ಸ್ವಲ್ಪ ಚುರುಕಾಗಿ.

“ಸುಳ್ಳು ಹೇಳ್ತಾನೆ ಅಂತಲ್ಲ. ಆದ್ರೆ ಯಾಕೆ ಇಲ್ಲ ಅಂತ ಅವನಿಗೆ ಗೊತ್ತಿಲ್ಲ. ನಿಮ್ಮ ಫೋನಲ್ಲಿ ಬರ್ತಿದ್ಯಾ?”

“ಜೋರಾಗಿ ಬರ್ತಿದೆ. ಅದೇ ವೈಫೈ.”

“ಮೊಬೈಲ್ ಡೇಟಾ ಆಫ್ ಮಾಡಿ ನೋಡಿದ್ರಾ?”

ನೋಡಿರಲಿಲ್ಲ. ಬಹಳ ಮಂದಿ ನೋಡುವುದಿಲ್ಲ. ವೈಫೈ ಕೈಕೊಟ್ಟರೆ ಇಂದಿನ ಎಷ್ಟೋ ಫೋನುಗಳು ಸದ್ದಿಲ್ಲದೆ ಸಿಮ್ ಡೇಟಾಗೆ ಜಾರಿಬಿಡುತ್ತವೆ. ಮೇಲೆ ವೈಫೈ ಗುರುತು ಎಷ್ಟೋ ಸಲ ಹಾಗೇ ಇರುತ್ತದೆ, ಯೂಟ್ಯೂಬ್ ಓಡುತ್ತಲೇ ಇರುತ್ತದೆ. ‘ಫೋನಲ್ಲಿ ಬರ್ತಿದೆ’ ಎಂಬ ಹೇಳಿಕೆಗೆ ಡೇಟಾ ಆಫ್ ಮಾಡುವವರೆಗೆ ಬೆಲೆಯಿಲ್ಲ. ವಕೀಲರು ಆಫ್ ಮಾಡಿದರು. ಪುಟಗಳು ಆಗಲೂ ತೆರೆದವು. ಅಂದರೆ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆ, ರೂಟರ್, ಹೊರಗಿನ ಕೇಬಲ್ ಎಲ್ಲವೂ ಒಂದೇ ಏಟಿಗೆ ಖುಲಾಸೆ. ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಮಾತು ಬೇರೆಯಿತ್ತು. ಬೆಳಕಿನ ಸಂಕೇತವೇ ಬರುತ್ತಿಲ್ಲ, ದಾರಿಯಲ್ಲಿ ಎಲ್ಲೋ ಫೈಬರ್ ಕಡಿದಿದೆ ಅಥವಾ ಮಡಚಿಕೊಂಡಿದೆ ಎಂದರ್ಥ. ಆಗ ಲ್ಯಾಪ್‌ಟಾಪಿನ ಸೆಟ್ಟಿಂಗ್ ಕೆದಕಿ ಪ್ರಯೋಜನವಿಲ್ಲ. ಕಂಪನಿಗೆ ದೂರು ಕೊಟ್ಟು ಕಾಯಬೇಕು.

“ಇನ್ನೊಂದು ಹೇಳಿ. ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಹಾಕಿ ನೋಡಿದ್ರಾ?”

“ನೋಡಿದೆ. ಅದ್ರಲ್ಲೂ ಬರಲಿಲ್ಲ. ಅದಕ್ಕೇ ತಾನೆ ನಿಮ್ಮನ್ನ ಕರೆದಿದ್ದು?”

“ಸರ್, ಇವತ್ತು ನೀವು ಕೊಟ್ಟಿರೋ ಒಳ್ಳೇ ಸಾಕ್ಷಿ ಇದೇ. ಎರಡು ಬೇರೆ ಬೇರೆ ಜಾಲ, ಎರಡರಲ್ಲೂ ಅದೇ ಕಥೆ. ತಪ್ಪು ಲ್ಯಾಪ್‌ಟಾಪಿನ ಬೆನ್ನಿಗೇ ಅಂಟಿಕೊಂಡು ಓಡಾಡ್ತಿದೆ. ಇದು ನಿಮ್ಮದೇ ಮಿಷನ್ನಾ?”

ಮಗನದು. ಅವನು ಬೆಂಗಳೂರಿನ ಸಣ್ಣ ಕಚೇರಿಯೊಂದರಲ್ಲಿ ಅದನ್ನು ಬಳಸುತ್ತಿದ್ದ. ಹೊಸದು ಕೊಂಡ ಮೇಲೆ ‘ಅಪ್ಪಂಗೆ ಸಾಕು’ ಎಂದು ಇದನ್ನು ಬ್ಯಾಗಿಗೆ ಹಾಕಿ ಕಳಿಸಿದ್ದ. ಚಾರ್ಜರ್ ಬಂದಿತ್ತು, ಪಾಸ್‌ವರ್ಡ್ ಬಂದಿತ್ತು. ಒಳಗೆ ಇನ್ನೇನು ಬಂದಿದೆ ಎಂಬುದನ್ನು ಯಾರೂ ನೋಡಿರಲಿಲ್ಲ.

ಈಗ ಆಕೆ ಲ್ಯಾಪ್‌ಟಾಪ್ ತಮ್ಮ ಕಡೆ ಎಳೆದುಕೊಂಡರು. ಕಪ್ಪು ಪರದೆ ತೆರೆದು ‘ಐಪಿಕಾನ್‌ಫಿಗ್ ಆಲ್’ ಎಂಬ ಆದೇಶ ಕೊಟ್ಟರು. ಸಾಲುಸಾಲಾಗಿ ಅಂಕಿಗಳು ಸುರಿದವು.

“ಇದನ್ನ ನೋಡಿದ್ರೇ ಭಯ ಆಗುತ್ತೆ,” ಎಂದರು ವಕೀಲರು.

“ನಿಮ್ಮ ದಾವಾ ಅರ್ಜಿ ನೋಡಿದ್ರೆ ನನಗೆ ಆಗೋ ಅಷ್ಟೇ. ಎಲ್ಲ ಓದಬೇಕಾಗಿಲ್ಲ, ಮೂರು ಸಾಲು ಸಾಕು. ಐಪಿವಿ4 ವಿಳಾಸ, ಡೀಫಾಲ್ಟ್ ಗೇಟ್‌ವೇ, ಡಿಎನ್‌ಎಸ್ ಸರ್ವರ್. ಮೊದಲನೆಯದು ಏನಿದೆ?”

“192.168.0.50.”

“ನಿಮ್ಮ ಫೋನಿನ ವೈಫೈ ವಿವರದಲ್ಲಿ?”

“192.168.1.6.”

“ಮೂರನೇ ಅಂಕಿ ನೋಡಿ. ಫೋನಿಗೆ ಒಂದು, ಲ್ಯಾಪ್‌ಟಾಪಿಗೆ ಸೊನ್ನೆ. ಒಂದೇ ರೂಟರಿನ ಕೆಳಗಿರೋ ಎರಡು ಯಂತ್ರ ಹೀಗೆ ಬೇರೆ ಬೇರೆ ಇರಬಾರದು.”

ಮನೆಯ ರೂಟರ್ ತನ್ನ ಬಳಿ ಬಂದ ಪ್ರತಿ ಯಂತ್ರಕ್ಕೂ ಒಂದು ತಾತ್ಕಾಲಿಕ ವಿಳಾಸ ಕೊಡುತ್ತದೆ. ಕೊಡುವ ವಿಧಾನದ ಹೆಸರು ಡಿಎಚ್‌ಸಿಪಿ. ಇಂದಿಗೂ ಚಾಲ್ತಿಯಲ್ಲಿರುವ ಅದರ ನಿಯಮಾವಳಿ 1997ರದ್ದು. ಯಾರಾದರೂ ವಿಳಾಸ ಕೊಡುವವರಿದ್ದೀರಾ ಎಂದು ಲ್ಯಾಪ್‌ಟಾಪ್ ಕೂಗುತ್ತದೆ. ಇದು ಆಗುತ್ತಾ ಎಂದು ರೂಟರ್ ಕೇಳುತ್ತದೆ. ಆಗುತ್ತದೆ, ಕೊಡಿ ಎಂದು ಲ್ಯಾಪ್‌ಟಾಪ್ ಒಪ್ಪುತ್ತದೆ. ಇಷ್ಟು ಹೊತ್ತಿನ ತನಕ ನಿನ್ನದು ಎಂದು ರೂಟರ್ ಮುದ್ರೆ ಒತ್ತುತ್ತದೆ. ನಾಲ್ಕು ಸಂದೇಶ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ವ್ಯವಹಾರ. 192.168ರಿಂದ ಶುರುವಾಗುವ ವಿಳಾಸಗಳು ಖಾಸಗಿ ಜಾಲಗಳೊಳಗಿನ ಬಳಕೆಗೆಂದೇ ಮೀಸಲಾದ ಗುಂಪಿಗೆ ಸೇರಿದವು. ಕೋಟ್ಯಂತರ ಮನೆಗಳಲ್ಲಿ ಅವೇ ಅಂಕಿಗಳಿವೆ, ಹೊರಗಿನ ಇಂಟರ್‌ನೆಟ್ಟಿನಲ್ಲಿ ಅವಕ್ಕೆ ಅಸ್ತಿತ್ವವಿಲ್ಲ.

ವಕೀಲರ ಲ್ಯಾಪ್‌ಟಾಪ್ ಈ ವ್ಯವಹಾರಕ್ಕೇ ಇಳಿದಿರಲಿಲ್ಲ. ‘ಡಿಎಚ್‌ಸಿಪಿ ಎನೇಬಲ್ಡ್’ ಎಂಬ ಸಾಲಿನ ಮುಂದೆ ‘ನೋ’ ಎಂದಿತ್ತು. ಬೆಂಗಳೂರಿನ ಕಚೇರಿಯಲ್ಲಿ ಯಾರೋ, ಬಹುಶಃ ಪ್ರಿಂಟರಿಗೋ ಸರ್ವರಿಗೋ ಅನುಕೂಲವಾಗಲೆಂದು, ವಿಳಾಸವನ್ನು ಕೈಯಾರೆ ಬರೆದು ಕೂರಿಸಿದ್ದರು. ಕಚೇರಿ ಬಿಟ್ಟು ಬಂದರೂ ಲ್ಯಾಪ್‌ಟಾಪ್ ಆ ಕಚೇರಿಯ ವಿಳಾಸದಲ್ಲೇ ಇತ್ತು, ಹೊರಹೋಗಲು 192.168.0.1 ಎಂಬ, ಇಲ್ಲಿ ಇಲ್ಲವೇ ಇಲ್ಲದ ಬಾಗಿಲನ್ನು ತಟ್ಟುತ್ತಿತ್ತು.

“ಇದೇ ಜಾಗದಲ್ಲಿ 169.254 ಅಂತ ಶುರುವಾಗೋ ನಂಬರ್ ಇದ್ದಿದ್ರೆ?” ವಕೀಲರಿಗೆ ಈಗ ರುಚಿ ಹತ್ತಿತ್ತು. “ಹಿಂದೆ ಒಂದ್ಸಲ ನನ್ನ ಜೂನಿಯರ್ ಅದೇನೋ ಹೇಳ್ತಿದ್ದ.”

“ಅದು ಬೇರೆ ಕೇಸು. ಆಗ ಲ್ಯಾಪ್‌ಟಾಪ್ ವಿಳಾಸ ಕೇಳಿದೆ, ಯಾರೂ ಕೊಟ್ಟಿಲ್ಲ, ಸಾಕಾಗಿ ತಾನೇ ಒಂದು ಹಾಕ್ಕೊಂಡಿದೆ ಅಂತ ಲೆಕ್ಕ.”

ವಿಂಡೋಸ್ 98ರ ಕಾಲದಿಂದಲೂ ಯಂತ್ರಗಳು ಹೀಗೆ ಸ್ವಂತ ವಿಳಾಸ ಕಟ್ಟಿಕೊಳ್ಳುತ್ತ ಬಂದಿವೆ. 2005ರಲ್ಲಿ ಆಪಲ್, ಸನ್ ಮತ್ತು ಮೈಕ್ರೋಸಾಫ್ಟಿನ ಎಂಜಿನಿಯರುಗಳು ಸೇರಿ ಇದಕ್ಕೊಂದು ಅಧಿಕೃತ ನಿಯಮ ಬರೆದರು. ರೂಟರ್ ಇಲ್ಲದೆಯೂ ಪಕ್ಕಪಕ್ಕದ ಎರಡು ಯಂತ್ರ ಮಾತಾಡಿಕೊಳ್ಳಲಿ ಎಂಬುದು ಉದ್ದೇಶ. ಆದರೆ ಆ ವಿಳಾಸ ಹೊತ್ತ ಸಂದೇಶವನ್ನು ಯಾವ ರೂಟರೂ ಮುಂದೆ ದಾಟಿಸಬಾರದು. ಹಾಗಾಗಿ 169.254 ಕಂಡರೆ ರೂಟರನ್ನು ಒಮ್ಮೆ ಆರಿಸಿ ಹೊತ್ತಿಸುವುದು, ಕೇಬಲ್ ಸಡಿಲವಿದೆಯೇ ನೋಡುವುದು, ವೈಫೈ ಹೆಸರನ್ನು ‘ಫರ್ಗೆಟ್’ ಮಾಡಿ ಪಾಸ್‌ವರ್ಡ್ ಮತ್ತೆ ಕೊಡುವುದು ಸರಿಯಾದ ದಾರಿ. ಡಿಎನ್‌ಎಸ್ ಬದಲಿಸುವುದು, ಬ್ರೌಸರ್ ಮರುಸ್ಥಾಪಿಸುವುದು ಆ ಹೊತ್ತಿನಲ್ಲಿ ಬರೀ ಬೆವರು.

ಆಕೆ ವೈಫೈ ಅಡಾಪ್ಟರಿನ ಗುಣಲಕ್ಷಣಗಳ ಕಿಟಕಿ ತೆರೆದರು. ಬದಲಿಸುವ ಮೊದಲು ಫೋನ್ ತೆಗೆದು ಪರದೆಯ ಚಿತ್ರ ಹಿಡಿದರು.

“ಅದ್ಯಾಕೆ?”

“ನಿಮ್ಮ ಮಗ ನಾಳೆ ಬಂದು ‘ನನ್ನ ಹಳೇ ಸೆಟ್ಟಿಂಗ್ ಎಲ್ಲಿ’ ಅಂತ ಕೇಳಿದ್ರೆ ತೋರಿಸಬೇಕಲ್ಲ?”

ವಿಳಾಸವನ್ನು ‘ತಾನಾಗಿ ಪಡೆ’ ಎಂಬ ಆಯ್ಕೆಗೆ ತಂದರು. ಅರೆಗಳಿಗೆಯಲ್ಲಿ 192.168.1.7 ಬಂತು. ವಕೀಲರು ಕೈಚಾಚಿ ಬ್ರೌಸರ್ ಒತ್ತಿದರು. ಪುಟ ತೆರೆಯಲಿಲ್ಲ.

“ಮೇಡಂ, ಅದೇ ಕಥೆ.”

“ಅದೇ ಕಥೆ ಅಲ್ಲ. ಒಂದು ಹೆಜ್ಜೆ ಮುಂದೆ ಬಂದಿದ್ದೀವಿ, ನೋಡಿ.”

ಆಕೆ 192.168.1.1ಕ್ಕೆ ‘ಪಿಂಗ್’ ಕಳಿಸಿದರು, ರೂಟರ್ ಉತ್ತರಿಸಿತು. ಗೂಗಲ್ 2009ರ ಡಿಸೆಂಬರಿನಿಂದ ಸಾರ್ವಜನಿಕರಿಗೆ ತೆರೆದಿಟ್ಟಿರುವ 8.8.8.8 ಎಂಬ ಡಿಎನ್‌ಎಸ್ ಸರ್ವರಿಗೆ ಕಳಿಸಿದರು; ಅದೂ ಉತ್ತರಿಸಿತು. ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಇಂಥದೇ ಒಂದು ಜಾಲದ ತಕರಾರು ಎದುರಾದಾಗ ಪಿಂಗ್ ಎಂಬ ಈ ಪುಟ್ಟ ಉಪಕರಣವನ್ನು ಬರೆದರು. ನಲವತ್ತು ವರ್ಷ ದಾಟಿದರೂ ಇದಕ್ಕಿಂತ ನೇರವಾದ ಪ್ರಶ್ನೆ ಇನ್ನೂ ಹುಟ್ಟಿಲ್ಲ: ಇದ್ದೀಯಾ?

“ಉತ್ತರ ಬರದಿದ್ರೆ ಇಲ್ಲ ಅಂತಾನಾ?”

“ಅಲ್ಲ. ಪಿಂಗಿಗೆ ಉತ್ತರ ಕೊಡಬೇಡಿ ಅಂತ ಎಷ್ಟೋ ಸರ್ವರ್‌ಗಳಿಗೆ ಮೊದಲೇ ಹೇಳಿಟ್ಟಿರ್ತಾರೆ. ಬಂದ ಉತ್ತರ ನಂಬಬಹುದು, ಮೌನ ನಂಬೋಕಾಗಲ್ಲ.”

“ಆರೋಪಿಯ ಮೌನ ಅಪರಾಧಕ್ಕೆ ಪುರಾವೆ ಅಲ್ಲ,” ಎಂದು ವಕೀಲರು ತಮ್ಮಷ್ಟಕ್ಕೇ ಗುನುಗಿದರು.

ಮುಂದಿನ ಪಿಂಗ್ ಅಂಕಿಗಲ್ಲ, ಒಂದು ಜಾಲತಾಣದ ಹೆಸರಿಗೆ. ಆ ಹೆಸರಿನವರು ಯಾರೂ ಸಿಗಲಿಲ್ಲ ಎಂದಿತು ಯಂತ್ರ. ಅಂಕಿಗೆ ದಾರಿಯಿದೆ, ಹೆಸರಿಗಿಲ್ಲ. ನೆಟ್‌ವರ್ಕ್ ಕೆಲಸದವರು ದಿನವೂ ಕಾಣುವ ಗುರುತು ಇದು. ಹೆಸರನ್ನು ಅಂಕಿಗೆ ಬಿಡಿಸಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆ ಕೈಕೊಟ್ಟಿದೆ. ಪಾಲ್ ಮೊಕಪೆಟ್ರಿಸ್ 1983ರಲ್ಲಿ ಅದನ್ನು ರೂಪಿಸುವವರೆಗೆ ಜಾಲದಲ್ಲಿದ್ದ ಎಲ್ಲ ಯಂತ್ರಗಳ ಹೆಸರೂ ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆ ಇಟ್ಟುಕೊಂಡಿದ್ದ ಒಂದೇ ಕಡತದಲ್ಲಿದ್ದವು. ಇಂದು ಪ್ರತಿ ಲ್ಯಾಪ್‌ಟಾಪಿಗೂ ಯಾರನ್ನು ಕೇಳಬೇಕು ಎಂಬುದು ಗೊತ್ತಿರಬೇಕು. ಈ ಲ್ಯಾಪ್‌ಟಾಪ್ ಕೇಳುತ್ತಿದ್ದದ್ದು 192.168.0.10 ಎಂಬ, ಬೆಂಗಳೂರಿನ ಆ ಕಚೇರಿಯೊಳಗಿನ ಯಂತ್ರವನ್ನು. ಅದೇ ಕಿಟಕಿಯಲ್ಲಿ ವಿಳಾಸವನ್ನು ತಾನಾಗಿ ಪಡೆಯುವಂತೆ ಮಾಡಿದರೂ ಡಿಎನ್‌ಎಸ್ ಕೈಬರಹದಲ್ಲೇ ಉಳಿದುಕೊಳ್ಳಬಹುದು. ಎರಡೂ ಬೇರೆ ಬೇರೆ ಗುಂಡಿ.

ಇಲ್ಲಿ ಆಕೆ ಕೈ ನಿಲ್ಲಿಸಿ ಒಂದು ಪ್ರಕರಣ ಹೇಳಿದರು. ವಕೀಲರ ಮುಂದೆ ಹೇಳಲು ಇದಕ್ಕಿಂತ ತಕ್ಕದ್ದು ಸಿಗದು.

“ಈ ಒಂದು ಸಾಲು ಬದಲಾಯಿಸಿ ಲಕ್ಷಾಂತರ ಜನರನ್ನ ಯಾಮಾರಿಸಿದ್ರು ಸರ್. ಡಿಎನ್‌ಎಸ್ ಚೇಂಜರ್ ಅಂತ ಒಂದು ಕುತಂತ್ರಾಂಶ. ಎಸ್ಟೋನಿಯಾದವರ ಕೆಲಸ.”

2007ರಿಂದ 2011ರವರೆಗೆ ನಡೆದ ಮೋಸ ಅದು. ನೂರಕ್ಕೂ ಹೆಚ್ಚು ದೇಶಗಳಲ್ಲಿ 40 ಲಕ್ಷಕ್ಕೂ ಅಧಿಕ ಕಂಪ್ಯೂಟರುಗಳಿಗೆ ಕುತಂತ್ರಾಂಶ ಹೊಕ್ಕು, ಡಿಎನ್‌ಎಸ್ ಸಾಲಿನಲ್ಲಿ ತನ್ನ ಒಡೆಯರ ಸರ್ವರ್ ಬರೆದಿತ್ತು. ಅಲ್ಲಿಂದಾಚೆ ಬಳಕೆದಾರ ಯಾವ ಹೆಸರು ಕೇಳಿದರೂ ಉತ್ತರ ಕೊಡುವವರು ಕಳ್ಳರೇ. ಐಟ್ಯೂನ್ಸಿನ ಕೊಂಡಿ ಒತ್ತಿದರೆ ಆಪಲ್‌ಗೆ ಸಂಬಂಧವೇ ಇಲ್ಲದ ಅಂಗಡಿ ತೆರೆದುಕೊಳ್ಳುತ್ತಿತ್ತು. ಅಸಲಿ ಜಾಹೀರಾತುಗಳ ಜಾಗದಲ್ಲಿ ಅವರ ಜಾಹೀರಾತು. ಹೀಗೆ ಸಂಪಾದಿಸಿದ್ದು ಕನಿಷ್ಠ 1.4 ಕೋಟಿ ಡಾಲರ್ ಎಂದು ಅಮೆರಿಕದ ಆರೋಪಪಟ್ಟಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ರೂಟರುಗಳನ್ನೂ ಅದು ಬಿಡುತ್ತಿರಲಿಲ್ಲ. 2011ರ ನವೆಂಬರಿನಲ್ಲಿ ಎಫ್‌ಬಿಐ ಮತ್ತು ಎಸ್ಟೋನಿಯಾ ಪೊಲೀಸರು ಆರು ಮಂದಿಯನ್ನು ಹಿಡಿದರು.

“ಹಿಡಿದ ಮೇಲೆ ಸರ್ವರ್ ಜಪ್ತಿ ಮಾಡಿದ್ರು, ಮುಗೀತಲ್ಲ?”

“ಅಲ್ಲೇ ಸಿಕ್ಕಿಹಾಕ್ಕೊಂಡಿದ್ದು. ಕಳ್ಳರ ಸರ್ವರ್ ಆಫ್ ಮಾಡಿದ್ರೆ ಅದನ್ನೇ ನಂಬಿದ್ದ ಅಷ್ಟೂ ಕಂಪ್ಯೂಟರಿಗೆ ಆ ಕ್ಷಣ ಇಂಟರ್‌ನೆಟ್ ಹೋಗುತ್ತೆ. ಈಗ ನಿಮ್ಮದು ಹೋಗಿರೋ ಹಾಗೆ.”

ವಕೀಲರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಮತ್ತೆ?”

“ಕೋರ್ಟ್ ಆದೇಶ ತಗೊಂಡ್ರು. ಅದೇ ಅಂಕಿಗಳಲ್ಲಿ ಅಸಲಿ ಉತ್ತರ ಕೊಡೋ ಸರ್ವರ್ ನಡೆಸೋಕೆ.”

ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದ ಆ ಆದೇಶದಂತೆ ಇಂಟರ್‌ನೆಟ್ ಸಿಸ್ಟಮ್ಸ್ ಕನ್ಸಾರ್ಷಿಯಂ ಎಂಬ ಲಾಭರಹಿತ ಸಂಸ್ಥೆ ಬದಲಿ ಸರ್ವರುಗಳನ್ನು ನಡೆಸಿತು. ಮೊದಲ ಗಡುವು 2012ರ ಮಾರ್ಚ್ 8. ಸಾಕಾಗದೆ ವಾಯಿದೆ ಮುಂದೆ ಹೋಯಿತು. ವಾಯಿದೆಗಳ ವಿಷಯದಲ್ಲಿ ಎಲ್ಲ ದೇಶದ ಕೋರ್ಟುಗಳೂ ಒಂದೇ. ಕೊನೆಗೆ 2012ರ ಜುಲೈ 9ರಂದು ಬದಲಿ ಸರ್ವರುಗಳು ಕಣ್ಣು ಮುಚ್ಚಿದವು. ಆ ಹೊತ್ತಿಗೂ ಎರಡು ಲಕ್ಷಕ್ಕಿಂತ ಹೆಚ್ಚು ಯಂತ್ರಗಳು ಸರಿಯಾಗಿರಲಿಲ್ಲ. ತಂಡದ ಮುಖಂಡ ವ್ಲಾದಿಮಿರ್ ತ್ಸಾಸ್ತ್ಸಿನ್‌ಗೆ 2016ರಲ್ಲಿ ಏಳು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು.

“ಡಿಎನ್‌ಎಸ್ ನಡೆಸೋಕೆ ಮಧ್ಯಂತರ ಆದೇಶ!” ವಕೀಲರು ತಲೆದೂಗಿದರು. ಲ್ಯಾಪ್‌ಟಾಪ್ ರಿಪೇರಿ ಅವರಿಗೆ ಅರೆಕ್ಷಣ ಮರೆತೇಹೋಗಿತ್ತು.

ಡಿಎನ್‌ಎಸ್ ಕೂಡ ‘ತಾನಾಗಿ ಪಡೆ’ಗೆ ಬಂತು. ಹೆಸರಿಗೂ ಪಿಂಗ್ ಉತ್ತರ ಬಂತು. “8.8.8.8 ಅಂತ ಹಾಕಿಬಿಡಿ, ಫಾಸ್ಟ್ ಅಂತಾರಲ್ಲ?” ಎಂದು ವಕೀಲರು ಕೇಳಿದ್ದಕ್ಕೆ ಆಕೆ ಒಪ್ಪಲಿಲ್ಲ. ರೂಟರ್ ಕೊಡುವುದು ಕೆಟ್ಟಿದ್ದರೆ ಪರೀಕ್ಷೆಗೆ ಹಾಕಿ ನೋಡಬಹುದು, ಅದೇ ಚೆನ್ನಾಗಿದ್ದರೆ ಇಟ್ಟುಕೊಳ್ಳಲೂಬಹುದು. ಆದರೆ ಹಾಕಿದ್ದು ನೆನಪಿರಬೇಕು. ರೈಲು ನಿಲ್ದಾಣ, ಹೋಟೆಲುಗಳ ಉಚಿತ ವೈಫೈಯಲ್ಲಿ ಒಟಿಪಿ ಕೇಳುವ ಪುಟ ಎಷ್ಟೋ ಸಲ ತೆರೆಯದಿರುವುದಕ್ಕೆ ಇಂಥ ಕೈಬರಹದ ಡಿಎನ್‌ಎಸ್ ಅಥವಾ ಸದಾ ಆನ್ ಇರುವ ವಿಪಿಎನ್ ಕಾರಣ.

ಬ್ರೌಸರ್ ಮಾತ್ರ ಇನ್ನೂ ಹಟ ಬಿಟ್ಟಿರಲಿಲ್ಲ. ಈ ಸಲ ಅದರ ದೂರು ಬೇರೆ: ಪ್ರಾಕ್ಸಿ ಸರ್ವರ್ ಸರಿಯಿಲ್ಲ.

“ಓದಿ ಸರ್, ಅದೇ ಹೇಳ್ತಿದೆ.”

ದೋಷ ಸಂದೇಶವನ್ನು ಓದುವವರೇ ಇಲ್ಲ. ಕೆಂಪು ಗುರುತು ಕಂಡೊಡನೆ ‘ಎರರ್ ಬಂತು’ ಎಂದು ಮುಚ್ಚಿಬಿಡುತ್ತಾರೆ. ಒಳಗೆ ಕಾರಣ ಅಚ್ಚಾಗಿರುತ್ತದೆ. ಸೆಟ್ಟಿಂಗ್ಸಿನ ‘ಪ್ರಾಕ್ಸಿ’ ಪುಟದಲ್ಲಿ ಅದೇ 192.168.0.10, ಪೋರ್ಟ್ 8080. ಎಲ್ಲ ಬ್ರೌಸಿಂಗೂ ತನ್ನ ಮೂಲಕವೇ ಹೋಗಲಿ ಎಂದು ಕಚೇರಿಯವರು ಇಟ್ಟದ್ದು. ಪಿಂಗ್ ಪ್ರಾಕ್ಸಿಯನ್ನು ಕೇಳುವುದಿಲ್ಲ, ಆದ್ದರಿಂದ ಅದು ಓಡುತ್ತಿತ್ತು. ಬ್ರೌಸರ್ ಕೇಳುತ್ತದೆ, ಆದ್ದರಿಂದ ನಿಂತಿತ್ತು. ಆಕೆ ಅದನ್ನೂ ಚಿತ್ರ ಹಿಡಿದು ಆಫ್ ಮಾಡಿದರು. ಇ-ಫೈಲಿಂಗ್ ಪುಟ ತೆರೆಯಿತು.

“ಮೂರು ತಪ್ಪು, ಒಬ್ಬನೇ ಆರೋಪಿ,” ಎಂದರು ವಕೀಲರು. ಆಮೇಲೆ ಒಂದು ಆಕ್ಷೇಪ ಎತ್ತಿದರು. ವಕೀಲರು ಆಕ್ಷೇಪ ಎತ್ತದೆ ಹಣ ಕೊಡುವುದುಂಟೆ? “ವಿಂಡೋಸಲ್ಲೇ ‘ನೆಟ್‌ವರ್ಕ್ ರೀಸೆಟ್’ ಅಂತ ಒಂದು ಗುಂಡಿ ಇದ್ಯಂತೆ. ಅದನ್ನ ಒತ್ತಿದ್ರೆ ಇಷ್ಟೆಲ್ಲ ಬೇಕಿತ್ತಾ?”

“ಒತ್ತಿದ್ರೆ ವಿಳಾಸ, ಡಿಎನ್‌ಎಸ್ ಎರಡೂ ಸರಿಹೋಗ್ತಿದ್ವು, ನಿಜ. ಜೊತೆಗೆ ನೀವು ಉಳಿಸಿಟ್ಟಿರೋ ವೈಫೈ ಪಾಸ್‌ವರ್ಡ್‌ಗಳು ಹೋಗ್ತಿದ್ವು, ವಿಪಿಎನ್ ಇದ್ರೆ ಅದನ್ನ ಮತ್ತೆ ಹಾಕಬೇಕಿತ್ತು. ಕೊನೇ ಹಂತಕ್ಕೆ ಅದು ಇದ್ದೇ ಇದೆ. ಮೊದಲೇ ಒತ್ತಿದ್ರೆ ಏನಾಗಿತ್ತು ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಮತ್ತೆ ಅದೇ ಬಂದ್ರೆ ಮತ್ತೆ ಅದೇ ಗುಂಡಿ.”

ಈ ವಾದದಲ್ಲಿ ಆಕೆಯೇ ಗೆದ್ದರೆಂದು ಹೇಳಬೇಕು. ಏಕೆಂದರೆ ಕಾರಣ ಗೊತ್ತಿದ್ದರೆ ಮಾತ್ರ ಅದೇ ತಪ್ಪು ಬೇರೆ ರೂಪದಲ್ಲಿ ಬಂದಾಗ ಗುರುತು ಸಿಗುತ್ತದೆ. ಅದೇ ವಾರ ಒಂದು ಮನೆಯಲ್ಲಿ ಆಕೆ ಕಂಡದ್ದು ಅಂಥದೇ ಬೇರೆ ರೂಪ. ಅಲ್ಲಿಯೂ ಕೈಬರಹದ ವಿಳಾಸ ತಪ್ಪಿತ್ತು, ಆದರೂ ಯೂಟ್ಯೂಬ್, ಫೇಸ್‌ಬುಕ್ ಸಲೀಸಾಗಿ ಬರುತ್ತಿದ್ದವು. ಬ್ಯಾಂಕಿನ ಪುಟ ಮಾತ್ರ ಇಲ್ಲ. ಮನೆಯವರು ಬ್ಯಾಂಕನ್ನು ಬೈಯುತ್ತಿದ್ದರು. ತಪ್ಪಿದ್ದದ್ದು ಹಳೆಯ ಐಪಿವಿ4 ವಿಳಾಸ. ಹೊಸ ಐಪಿವಿ6 ದಾರಿ ಸರಿಯಾಗಿಯೇ ಇತ್ತು. ಭಾರತ ಐಪಿವಿ6 ಬಳಕೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿದೆ, ಗೂಗಲ್ ಮತ್ತು ಫೇಸ್‌ಬುಕ್ ಎರಡೂ ಆ ದಾರಿಯಲ್ಲಿ ಸಿಗುತ್ತವೆ, ಎಷ್ಟೋ ತಾಣಗಳು ಇನ್ನೂ ಸಿಗುವುದಿಲ್ಲ. ವಕೀಲರ ರೂಟರಿನಲ್ಲಿ ಐಪಿವಿ6 ಆಫ್ ಇತ್ತು, ಲ್ಯಾಪ್‌ಟಾಪಿನಲ್ಲಿ ಪ್ರಾಕ್ಸಿಯೂ ಅಡ್ಡ ನಿಂತಿತ್ತು, ಅದಕ್ಕೇ ಅವರಿಗೆ ಪೂರ್ತಿ ಕತ್ತಲು. ‘ಕೆಲವು ಬರುತ್ತೆ, ಕೆಲವು ಬರಲ್ಲ’ ಎಂದರೆ ಯಾವುವು ಬರುತ್ತವೆ ಎಂದು ಪಟ್ಟಿ ಮಾಡುವುದೇ ಅರ್ಧ ಕೆಲಸ. ಎಲ್ಲ ತಾಣಗಳೂ ‘ಸುರಕ್ಷಿತವಲ್ಲ’ ಎಂದು ಹೆದರಿಸಿದರೆ ಮೊದಲು ಗಡಿಯಾರ ನೋಡಬೇಕು. ಹಳೆಯ ಲ್ಯಾಪ್‌ಟಾಪಿನ ಒಳಗಿನ ಪುಟ್ಟ ಬ್ಯಾಟರಿ ಸತ್ತು ದಿನಾಂಕ ವರ್ಷಗಟ್ಟಲೆ ಹಿಂದೆ ಸರಿದಿದ್ದರೆ, ತಾಣಗಳ ಪ್ರಮಾಣಪತ್ರಗಳೆಲ್ಲ ಇನ್ನೂ ಜಾರಿಗೇ ಬಂದಿಲ್ಲವೆಂದು ಬ್ರೌಸರ್ ಭಾವಿಸುತ್ತದೆ.

“ಕೆಲವು ಸಲ ತಪ್ಪು ನಮ್ಮದಿರೋದೇ ಇಲ್ಲ ಅಲ್ವಾ?” ಎಂದರು ವಕೀಲರು. “ಒಂದು ರಾತ್ರಿ ವಾಟ್ಸಾಪ್ ನಿಂತಿತ್ತು. ನಾನು ರೂಟರ್ ಆಫ್ ಮಾಡೋದು, ಆನ್ ಮಾಡೋದು, ಇದೇ ಆಯ್ತು.”

ಅದು 2021ರ ಅಕ್ಟೋಬರ್ 4. ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿತ್ತು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಫೇಸ್‌ಬುಕ್ಕಿನ ಒಳಜಾಲ ಕಡಿದುಹೋಗಿ, ಅದರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯೇ ಇಂಟರ್‌ನೆಟ್ಟಿನ ನಕ್ಷೆಯಿಂದ ಅಳಿಸಿತು. ವಾಟ್ಸಾಪ್, ಇನ್‌ಸ್ಟಾಗ್ರಾಂ ಸೇರಿ ಎಲ್ಲವೂ ಸುಮಾರು ಆರು ಗಂಟೆ ಇಲ್ಲವಾದವು. ಆ ರಾತ್ರಿ ಬೇರೊಂದು ತಾಣ ತೆರೆದು ನೋಡಿದ್ದರೆ ರೂಟರಿಗೆ ಅಷ್ಟು ಹಿಂಸೆ ತಪ್ಪುತ್ತಿತ್ತು.

ಹೊರಡುವಾಗ ಆಕೆ ಹಿಡಿದ ಚಿತ್ರಗಳನ್ನು ವಕೀಲರ ಫೋನಿಗೆ ಕಳಿಸಿದರು. ವಕೀಲರು ತಮ್ಮ ಮಾತು ಮುಗಿಸಿರಲಿಲ್ಲ: “ನಿಮ್ಮ ನಂಬರ್ ಸಿಗದೇ ಇದ್ದಿದ್ರೆ ಗೂಗಲಲ್ಲಿ ಕಸ್ಟಮರ್ ಕೇರ್ ಹುಡುಕಿ ಫೋನ್ ಮಾಡ್ತಿದ್ದೆ.”

“ಅದೊಂದು ಮಾತ್ರ ಮಾಡಬೇಡಿ ಸರ್. ನಂಬರ್ ಬಿಲ್ಲಿನಲ್ಲಿರುತ್ತೆ, ಕಂಪನಿಯ ಆಪ್‌ನಲ್ಲಿರುತ್ತೆ. ಅಲ್ಲಿಂದ ತಗೊಳ್ಳಿ.”

ಇದನ್ನು ಓದುವವರಿಗೂ ಅದೇ ಮಾತು. ನೆಟ್ ಹೋದ ಗಾಬರಿಯಲ್ಲಿ ಹುಡುಕಾಟದಲ್ಲಿ ಸಿಕ್ಕ ನಂಬರಿಗೆ ಕರೆ ಮಾಡಿದವರಿಂದ, ಲ್ಯಾಪ್‌ಟಾಪನ್ನೋ ಫೋನನ್ನೋ ದೂರದಿಂದ ನಡೆಸುವ ಆಪ್ ಹಾಕಿಸಿ ಖಾತೆ ಖಾಲಿ ಮಾಡುವ ಜಾಲಗಳು ದೇಶದ ತುಂಬ ಇವೆ. ಸೆಟ್ಟಿಂಗ್ ಸರಿಮಾಡಲು ಯಾರಿಗೂ ಒಟಿಪಿ ಬೇಕಾಗುವುದಿಲ್ಲ, ಯುಪಿಐ ಪಿನ್ ಅಂತೂ ಬೇಕಾಗುವುದೇ ಇಲ್ಲ. ಹಣ ಹೋದದ್ದು ಗೊತ್ತಾದ ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.